ಫುಗಾಜಿಯನ್ನು ಸಂತರ ಪಟ್ಟಿಯಿಂದ ಬಿಡಿಸಿ

ಒಬ್ಬರ ದಾರಿಯಲ್ಲಿ ನಡೆಯದೆ ತಪ್ಪಿಸಿಕೊಳ್ಳಲು ನಮಗೆ ಗೊತ್ತಿರುವ ಅತ್ಯಂತ ಮರ್ಯಾದೆಯ ಉಪಾಯವೆಂದರೆ ಅವರನ್ನು ಮಹಾತ್ಮರನ್ನಾಗಿ ಮಾಡಿಬಿಡುವುದು. ಪಟಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ವರ್ಷಕ್ಕೊಮ್ಮೆ ಹಾರ ಬದಲಿಸಿದರೆ ಮುಗಿಯಿತು. ‘ಅಂಥವರು ಇನ್ನು ಹುಟ್ಟುವುದಿಲ್ಲ ಬಿಡಿ’ ಎಂದು ಒಂದು ನಿಟ್ಟುಸಿರು ಬಿಟ್ಟು ನಮ್ಮ ವ್ಯಾಪಾರಕ್ಕೆ ನಾವು ಮರಳಬಹುದು. ಅಮೆರಿಕದ ರಾಕ್ ಸಂಗೀತದಲ್ಲಿ ಈ ಗತಿ ಬಂದಿರುವುದು ವಾಷಿಂಗ್ಟನ್ ಡಿ.ಸಿ.ಯ ಫುಗಾಜಿ ಎಂಬ ಬ್ಯಾಂಡಿಗೆ.

ಹೆಸರು ಕೇಳದವರಿಗೆ ಒಂದು ಚಿಕ್ಕ ಪರಿಚಯ. ಇಯಾನ್ ಮೆಕೈ ಮತ್ತು ಗೀ ಪಿಚೊಟೊ ಗಿಟಾರು ಹಿಡಿದು ಹಾಡುವವರು, ಜೋ ಲಾಲಿ ಬೇಸ್ ನುಡಿಸುವವರು, ಬ್ರೆಂಡನ್ ಕ್ಯಾಂಟಿ ಡ್ರಮ್ಸ್. 1987ರ ಸೆಪ್ಟೆಂಬರಿನಲ್ಲಿ ಮೊದಲ ಪ್ರದರ್ಶನ, 2002ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಕೊನೆಯದು. ನಡುವಿನ 15 ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರದರ್ಶನಗಳು, ಆರು ಪೂರ್ಣಪ್ರಮಾಣದ ಆಲ್ಬಮ್‌ಗಳು. ಎಲ್ಲವನ್ನೂ ಹೊರತಂದದ್ದು ಡಿಸ್ಕಾರ್ಡ್ ರೆಕಾರ್ಡ್ಸ್. ಅದು ಮೆಕೈ ಮತ್ತು ಅವರ ಗೆಳೆಯ ಜೆಫ್ ನೆಲ್ಸನ್, ಹದಿಹರೆಯ ದಾಟುವ ಮೊದಲೇ, 1980ರಲ್ಲಿ ಕಟ್ಟಿಕೊಂಡ ಪುಟ್ಟ ಕಂಪನಿ. ತಮ್ಮ ಹಳೆಯ ಬ್ಯಾಂಡು ಪ್ರದರ್ಶನಗಳಿಂದ ಉಳಿಸಿಟ್ಟಿದ್ದ ದುಡ್ಡಿನಲ್ಲಿ ಮೊದಲ ರೆಕಾರ್ಡ್ ಅಚ್ಚು ಹಾಕಿಸಿ, ಅದರ ರಟ್ಟಿನ ಹೊದಿಕೆಗಳನ್ನು ತಾವೇ ಕತ್ತರಿಸಿ, ಮಡಿಚಿ, ಅಂಟಿಸಿ ಮಾರಿದ ಹುಡುಗರು ಅವರು.

ಫುಗಾಜಿಯ ಬಗ್ಗೆ ಎಲ್ಲೇ ಓದಿ, ಒಂದು ‘ಬೇಡ’ಗಳ ಪಟ್ಟಿ ಎದುರಾಗುತ್ತದೆ. ಟಿಕೆಟ್ಟಿಗೆ 5 ಡಾಲರ್ ದಾಟಬಾರದು. ಟೀ-ಶರ್ಟು ಮಾರುವುದಿಲ್ಲ. ಮದ್ಯ, ತಂಬಾಕಿನ ಜಾಹೀರಾತು ಹಾಕುವ ಪತ್ರಿಕೆಗಳಿಗೆ ಸಂದರ್ಶನ ಕೊಡುವುದಿಲ್ಲ. ಮ್ಯಾನೇಜರ್ ಇಲ್ಲ. ಕರಾರುಪತ್ರ ಇಲ್ಲ. ದೊಡ್ಡ ಕಂಪನಿಗಳು ಬಾಗಿಲು ತಟ್ಟಿದರೆ ತೆರೆಯುವುದಿಲ್ಲ. ಇದನ್ನು ಒಂದೇ ಉಸಿರಿನಲ್ಲಿ ಓದಿದರೆ ಯಾವುದೋ ಮಠದ ವ್ರತನಿಯಮದ ಹಾಗೆ ಕೇಳಿಸುತ್ತದೆ. ಓದುವವರಿಗೂ ಅದೇ ಬೇಕು. ಕನ್ನಡದ ಗೆಳೆಯರಿಗೆ ಇದರ ಕಥೆ ಹೇಳಿದಾಗಲೆಲ್ಲ ‘ಕಾಯಕ’, ‘ತ್ಯಾಗ’, ‘ಅಪರಿಗ್ರಹ’ ಎಂಬ ಪದಗಳು ತಾವಾಗಿಯೇ ಉದುರುತ್ತವೆ. ಪದಗಳು ದೊಡ್ಡವು. ಆದರೆ ಅವು ಇಲ್ಲಿ ಮಾಡುವ ಕೆಲಸ ಸಣ್ಣದು: ಒಂದು ಕೆಲಸದ ವಿಧಾನವನ್ನು ವ್ಯಕ್ತಿಯ ಗುಣವಾಗಿ ಬದಲಿಸಿಬಿಡುತ್ತವೆ. ವಿಧಾನವಾದರೆ ಕಲಿಯಬಹುದು. ಗುಣವಾದರೆ ಕೈಮುಗಿಯಬಹುದು, ಅಷ್ಟೆ.

ನನ್ನ ತಕರಾರು ಇದು. ಫುಗಾಜಿಯವರು ಏನನ್ನೂ ತ್ಯಾಗ ಮಾಡಲಿಲ್ಲ. ಅವರು ಖರೀದಿ ಮಾಡಿದರು. ಒಂದೊಂದು ‘ಬೇಡ’ವೂ ಒಂದೊಂದು ನಾಣ್ಯ. ಅದನ್ನು ಕೊಟ್ಟು ಅವರು ಕೊಂಡುಕೊಂಡದ್ದು ತಮ್ಮ ಸಂಗೀತದ ಮೇಲಿನ ಪೂರ್ತಿ ಯಜಮಾನಿಕೆಯನ್ನು. ನಾನು ಸಣ್ಣ ಪತ್ರಿಕೆಗಳ ಜಮಾಖರ್ಚಿನ ಬಗ್ಗೆ ಸಂಶೋಧನೆ ಮಾಡುತ್ತಿರುವುದರಿಂದಲೋ ಏನೋ, ಈ ಬ್ಯಾಂಡಿನ ಚರಿತ್ರೆಯಲ್ಲಿ ನನಗೆ ಕಾಣುವುದು ಜಪಮಾಲೆಗಿಂತ ಹೆಚ್ಚಾಗಿ ಲೆಕ್ಕದ ಪುಸ್ತಕ.

ಆ ಪುಸ್ತಕವನ್ನೇ ಬಿಚ್ಚಿ ನೋಡೋಣ. 5 ಡಾಲರ್ ಟಿಕೆಟ್ಟನ್ನು ಔದಾರ್ಯ ಎನ್ನುತ್ತಾರೆ. ಆದರೆ ಔದಾರ್ಯದ ಮೇಲೆ 15 ವರ್ಷ ಯಾವ ಅಂಗಡಿಯೂ ನಡೆಯುವುದಿಲ್ಲ. ಮ್ಯಾನೇಜರ್ ಇಲ್ಲದ್ದರಿಂದ ಅವನ ಪಾಲು ಕೊಡಬೇಕಾಗಿರಲಿಲ್ಲ. ಊರೂರಿನ ಸಂಘಟಕರ ಜೊತೆ ಮೆಕೈ ತಾವೇ ಫೋನಿನಲ್ಲಿ ಮಾತಾಡಿ ದಿನ ಗೊತ್ತುಮಾಡುತ್ತಿದ್ದುದರಿಂದ ಏಜೆಂಟರ ಪಾಲೂ ಉಳಿಯಿತು. ವೇದಿಕೆಯಲ್ಲಿ ಬಣ್ಣದ ಬೆಳಕಿನ ವೈಭವವಿಲ್ಲ, ಸಾದಾ ಬಿಳಿ ದೀಪ. ಬಾರುಗಳಿಗಿಂತ ಚರ್ಚಿನ ನೆಲಮಾಳಿಗೆ, ಸಮುದಾಯ ಭವನ, ಶಾಲೆಯ ವ್ಯಾಯಾಮಶಾಲೆಗಳಂಥ ಜಾಗಗಳನ್ನು ಹುಡುಕುತ್ತಿದ್ದರು. ಬಾಗಿಲಲ್ಲಿ ಸಾವಿರ ಜನ ಐದೈದು ಡಾಲರ್ ಕೊಟ್ಟರೆ 5000. ಅದರಲ್ಲಿ ಜಾಗದ ಬಾಡಿಗೆ, ಧ್ವನಿವ್ಯವಸ್ಥೆ, ವ್ಯಾನಿನ ಪೆಟ್ರೋಲು ಕಳೆದು ಮಿಕ್ಕದ್ದನ್ನು ಹಂಚಿಕೊಳ್ಳಲು ನಾಲ್ಕು ಜನ, ಜೊತೆಗೆ ಬೆರಳೆಣಿಕೆಯ ಸಹಾಯಕರು. ಬದುಕಲು ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆಯನ್ನು ನಾವು ಬಡವರಿಗೆ ಬುದ್ಧಿ ಹೇಳಲು ಬಳಸುತ್ತೇವೆ. ಇವರು ಹಾಸಿಗೆಯ ಅಳತೆಯನ್ನು ತಾವೇ ನಿಶ್ಚಯಿಸಿದರು. ಇನ್ನೊಬ್ಬರ ಹಾಸಿಗೆ ಎಷ್ಟೇ ಉದ್ದವಿರಲಿ, ಅಲ್ಲಿ ಕಾಲು ಚಾಚಿದ ಮೇಲೆ ಮಗ್ಗುಲು ಬದಲಿಸಲೂ ಅಪ್ಪಣೆ ಕೇಳಬೇಕಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಟಿಕೆಟ್ಟಿನ ದರಕ್ಕೆ ಜೋಡಿಯಾಗಿ ಇನ್ನೊಂದು ಷರತ್ತಿತ್ತು: ಪ್ರದರ್ಶನಕ್ಕೆ ಎಲ್ಲ ವಯಸ್ಸಿನವರಿಗೂ ಪ್ರವೇಶ ಇರಬೇಕು. ರಾಕ್ ಸಂಗೀತ ಬಾರಿನಲ್ಲಿ ನಡೆದರೆ ಅದರ ನಿಜವಾದ ಗಳಿಕೆ ಕೌಂಟರಿನಲ್ಲಿ. ಹಾಡು ಕೇಳಬೇಕಾದ ಹದಿನಾರರ ಹುಡುಗಿ ಹೊರಗೆ, ಕುಡಿಯಲು ಬಂದವನು ಒಳಗೆ. ಬಾರನ್ನು ಲೆಕ್ಕದಿಂದ ತೆಗೆದದ್ದೇ ಆ ಹುಡುಗಿ ಒಳಗೆ ಬಂದಳು. ಗುಂಪಿನಲ್ಲಿ ಪಕ್ಕದವರನ್ನು ತಳ್ಳಿ ಗುದ್ದಿ ಪುಂಡಾಟಿಕೆ ಮಾಡುವವರು ಕಂಡರೆ ಬ್ಯಾಂಡು ಹಾಡನ್ನು ನಡುವೆಯೇ ನಿಲ್ಲಿಸುತ್ತಿತ್ತು. ಮಾತು ಕೇಳದವರನ್ನು ಹೊರಗೆ ಕಳಿಸುವಾಗ ಲಕೋಟೆಯಲ್ಲಿ 5 ಡಾಲರ್ ಹಿಂದಿರುಗಿಸುತ್ತಿತ್ತು. ಇದನ್ನು ತಮಾಷೆಯ ಪ್ರಸಂಗವಾಗಿ ಎಲ್ಲರೂ ಹೇಳುತ್ತಾರೆ. ಅದರೊಳಗಿನ ಲೆಕ್ಕ ನೋಡಿ. ಟಿಕೆಟ್ಟು 50 ಡಾಲರ್ ಆಗಿದ್ದರೆ ಆ ಲಕೋಟೆ ಸಾಧ್ಯವಿತ್ತೇ? ದುಬಾರಿ ಟಿಕೆಟ್ ಕೊಂಡವನು ಗ್ರಾಹಕ. ಅವನನ್ನು ಹೊರಗೆ ಹಾಕುವುದು ಕಷ್ಟ. 5 ಡಾಲರ್ ಕೊಟ್ಟವನು ಅತಿಥಿ. ಮನೆಯ ಶಿಸ್ತನ್ನು ಅತಿಥಿಗೆ ನೆನಪಿಸಬಹುದು.

ಹೀಗೆ ಉಳಿಸಿದ ಯಜಮಾನಿಕೆಯನ್ನು ಅವರು ಏನು ಮಾಡಿದರು ಎಂಬುದೇ ಮುಖ್ಯ ಪ್ರಶ್ನೆ. ಫುಗಾಜಿಯ ಭಕ್ತರು ಇದನ್ನು ಕೇಳುವುದೇ ಇಲ್ಲ. 1992ರಲ್ಲಿ ನಾಲ್ವರೂ ಷಿಕಾಗೊಗೆ ಹೋಗಿ ಸ್ಟೀವ್ ಆಲ್ಬಿನಿ ಅವರ ಬಳಿ ಹೊಸ ಹಾಡುಗಳನ್ನು ದಾಖಲಿಸಿದರು. ಆಲ್ಬಿನಿ ಆ ಕಾಲದ ಸ್ವತಂತ್ರ ಸಂಗೀತದಲ್ಲಿ ಬಹಳ ದೊಡ್ಡ ಹೆಸರು. ಹಿಂತಿರುಗಿ ಕೇಳಿದಾಗ ಅವರಿಗೆ ಅದು ಸರಿಬರಲಿಲ್ಲ. ಪಕ್ಕಕ್ಕಿಟ್ಟರು. ತಮ್ಮ ಊರಿನ ಬಳಿಯ ಇನ್ನರ್ ಇಯರ್ ಸ್ಟುಡಿಯೊದಲ್ಲಿ ಡಾನ್ ಜಿಯೆಂಟಾರಾ ಮತ್ತು ಟೆಡ್ ನೈಸ್ಲಿ ಜೊತೆ ಕೂತು ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಿದರು. 1993ರಲ್ಲಿ ಬಂದ ‘ಇನ್ ಆನ್ ದ ಕಿಲ್ ಟೇಕರ್’ ಆ ಎರಡನೆಯ ಯತ್ನ. ಜಾಹೀರಾತಿನ ಅಬ್ಬರವಿಲ್ಲದೆಯೇ ಅದು ಬಿಲ್‌ಬೋರ್ಡ್ 200 ಪಟ್ಟಿಯನ್ನೂ ಹತ್ತಿತು.

ಅದೇ ವರ್ಷ ಅದೇ ಆಲ್ಬಿನಿ ನಿರ್ವಾಣ ಬ್ಯಾಂಡಿನ ‘ಇನ್ ಯೂಟೆರೊ’ ದಾಖಲಿಸಿದ್ದರು. ಅದು ದೊಡ್ಡ ಕಂಪನಿಯ ಆಲ್ಬಮ್. ಕಂಪನಿಗೆ ಅದು ಹಿಡಿಸಿಲ್ಲ ಎಂಬ ಸುದ್ದಿ ಹಬ್ಬಿತು, ಪತ್ರಿಕೆಗಳಲ್ಲಿ ವಾದವಿವಾದ ನಡೆಯಿತು, ಬ್ಯಾಂಡು ಅಲ್ಲಗಳೆಯಬೇಕಾಯಿತು, ಕೊನೆಗೆ ಸ್ಕಾಟ್ ಲಿಟ್ ಎಂಬ ಇನ್ನೊಬ್ಬರು ಎರಡು ಹಾಡುಗಳನ್ನು ಮತ್ತೆ ಮಿಕ್ಸ್ ಮಾಡಿದರು. ನಿರ್ವಾಣದವರಿಗೂ ಆ ಧ್ವನಿಮುದ್ರಣದ ಬಗ್ಗೆ ಅನುಮಾನಗಳಿದ್ದವು ಎಂಬುದು ನಿಜ. ಆದರೆ ಆ ಅನುಮಾನ ಎಷ್ಟು ಅವರದು, ಎಷ್ಟು ಕಂಪನಿಯದು ಎಂದು ಬಿಡಿಸಿ ಹೇಳುವುದು ಇವತ್ತಿಗೂ ಕಷ್ಟ. ಫುಗಾಜಿಯ ಅನುಮಾನ ಪೂರ್ತಿಯಾಗಿ ಫುಗಾಜಿಯದಾಗಿತ್ತು. ಸ್ವಾತಂತ್ರ್ಯ ಎಂದರೆ ಹಾಡಿನಲ್ಲಿ ಸರ್ಕಾರವನ್ನು ಬೈಯುವುದು ಎಂದುಕೊಂಡವರು ಇದನ್ನು ಗಮನಿಸಬೇಕು. ಬೈಗುಳವನ್ನು ದೊಡ್ಡ ಕಂಪನಿಗಳು ಸಂತೋಷದಿಂದ ಮಾರುತ್ತವೆ, ಅದಕ್ಕೆ ಒಳ್ಳೆಯ ಮಾರುಕಟ್ಟೆ ಇದೆ. ಕಲಾವಿದರಿಗೆ ನಿಜವಾಗಿ ಸಿಗದಿರುವುದು ತಾವು ಮಾಡಿದ್ದು ತಮಗೇ ಇಷ್ಟವಾಗದಿದ್ದಾಗ ಅದನ್ನು ಬಿಸಾಕುವ ಹಕ್ಕು.

ವೇದಿಕೆಯ ಮೇಲೂ ಅದೇ ಕಥೆ. ಫುಗಾಜಿ ಹಾಡುಗಳ ಪಟ್ಟಿ ಮಾಡಿಕೊಂಡು ಹತ್ತುತ್ತಿರಲಿಲ್ಲ. ಮುಂದಿನ ಹಾಡು ಯಾವುದೆಂದು ಆ ಕ್ಷಣಕ್ಕೆ ತೀರ್ಮಾನವಾಗುತ್ತಿತ್ತು. ಒಬ್ಬರು ಒಂದು ಎಳೆ ಹಿಡಿದರೆ ಉಳಿದವರು ಅದಕ್ಕೆ ಕೂಡಿಕೊಳ್ಳುತ್ತಿದ್ದರು. ಮೊದಲೇ ನಿಗದಿಯಾದ ಬೆಳಕಿನ ವಿನ್ಯಾಸವಿದ್ದರೆ ಇದು ಆಗುವ ಮಾತಲ್ಲ. ದೀಪದವನಿಗೆ ಮುಂಚಿತವಾಗಿ ಪಟ್ಟಿ ಬೇಕು. ಸಾದಾ ಬಿಳಿ ದೀಪ ಉಳಿಸಿದ್ದು ದುಡ್ಡನ್ನಷ್ಟೇ ಅಲ್ಲ ಎಂಬುದು ಇಲ್ಲಿ ತಿಳಿಯುತ್ತದೆ. ಜೋ ಲಾಲಿಯ ಬೇಸಿನಲ್ಲಿ ರೆಗೆ, ಡಬ್ ಸಂಗೀತದ ನಿಧಾನದ ನಡೆ ಇದೆ; ಅದರ ಮೇಲೆ ಎರಡು ಗಿಟಾರುಗಳು ಒಂದನ್ನೊಂದು ಕೆಣಕುತ್ತ, ಮಾತು ಕತ್ತರಿಸುತ್ತ ಸಾಗುತ್ತವೆ. 1990ರ ‘ರಿಪೀಟರ್’ನಿಂದ 2001ರ ‘ದಿ ಆರ್ಗ್ಯುಮೆಂಟ್’ವರೆಗೆ ಕ್ರಮವಾಗಿ ಕೇಳಿದರೆ, ಸಿಟ್ಟಿನ ಪಂಕ್ ಹುಡುಗರು ಮೌನವನ್ನೂ ವಾದ್ಯದ ಹಾಗೆ ಬಳಸುವ ಪ್ರೌಢರಾದದ್ದು ಕಿವಿಗೆ ಗೊತ್ತಾಗುತ್ತದೆ. ಸಂತಪಟ್ಟ ಕೊಟ್ಟವರು ಮಾಡಿದ ದೊಡ್ಡ ಅನ್ಯಾಯ ಇದೇ. ಬ್ಯಾಂಡಿನ ನೀತಿಯನ್ನು ಹೊಗಳುವ ಭರದಲ್ಲಿ ಅದರ ಸಂಗೀತ ಕೇಳುವುದನ್ನೇ ಮರೆತರು.

ಇಷ್ಟು ಹೇಳಿದ ಮೇಲೆ ಎದುರು ವಾದಗಳಿಗೂ ಲೆಕ್ಕ ಒಪ್ಪಿಸಬೇಕು. ಮೂರು ವಾದಗಳು ನನಗೆ ಗಟ್ಟಿಯಾಗಿ ಕಾಣುತ್ತವೆ.

ಮೊದಲನೆಯದು, ದೊಡ್ಡ ಕಂಪನಿಗೆ ಹೋದವರೆಲ್ಲ ಕೆಟ್ಟ ಸಂಗೀತ ಮಾಡಿದರೇ ಎಂಬ ಪ್ರಶ್ನೆ. ಇಲ್ಲ. 1991ರಲ್ಲಿ ನಿರ್ವಾಣದ ‘ನೆವರ್‌ಮೈಂಡ್’ ಗೆದ್ದ ಮೇಲೆ ಕಂಪನಿಗಳು ಸಣ್ಣ ಬ್ಯಾಂಡುಗಳ ಹಿಂದೆ ಬಿದ್ದಾಗ, ಡಿಸ್ಕಾರ್ಡ್‌ನ ಜಾಬಾಕ್ಸ್ ಬ್ಯಾಂಡು ಅಟ್ಲಾಂಟಿಕ್ ಕಂಪನಿಗೆ ಹೋಯಿತು. 1994ರಲ್ಲಿ ಅವರು ಹೊರತಂದ ‘ಫಾರ್ ಯುವರ್ ಓನ್ ಸ್ಪೆಷಲ್ ಸ್ವೀಟ್‌ಹಾರ್ಟ್’ ಅವರ ಅತ್ಯುತ್ತಮ ಕೃತಿ ಎಂದೇ ನನ್ನ ಅಭಿಪ್ರಾಯ. ಡಿಸ್ಕಾರ್ಡ್‌ನಲ್ಲಿ ಕರಾರುಪತ್ರವೇ ಇರಲಿಲ್ಲವಾದ್ದರಿಂದ ಅವರು ಜಗಳವಿಲ್ಲದೆ ಹೊರಟರು. ಆಮೇಲೆ ಏನಾಯಿತು? 1997ರಲ್ಲಿ ಬ್ಯಾಂಡು ಒಡೆಯಿತು. 2009ರಲ್ಲಿ ಅದೇ ಆಲ್ಬಮ್ ಮತ್ತೆ ಅಚ್ಚಾದಾಗ ಅದನ್ನು ಹೊರತಂದವರು ಬ್ಯಾಂಡಿನ ಸದಸ್ಯರೇ ನಡೆಸುತ್ತಿದ್ದ ಡಿಸೋಟೊ ಮತ್ತು ಹಳೆಯ ಡಿಸ್ಕಾರ್ಡ್. ದೊಡ್ಡ ಮನೆಯಲ್ಲಿ ಒಳ್ಳೆಯ ಹಾಡು ಹುಟ್ಟಬಹುದು. ಅದನ್ನು ಕೊನೆಯವರೆಗೆ ಸಾಕುವವರು ಯಾರು ಎಂಬುದು ಬೇರೆ ಪ್ರಶ್ನೆ.

ಎರಡನೆಯ ವಾದ ಇನ್ನೂ ತೀಕ್ಷ್ಣವಾದದ್ದು. ‘ಬೇಡ’ ಎನ್ನಲೂ ಯೋಗ್ಯತೆ ಬೇಕು, ಅಂದರೆ ಬೆನ್ನಿಗೊಂದು ಗೋಡೆ ಬೇಕು. ಇವರು ರಾಜಧಾನಿಯ ಬಿಳಿಯ ಮಧ್ಯಮವರ್ಗದ ಹುಡುಗರು. ಮೆಕೈ ಅವರ ತಂದೆ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿದ್ದವರು. ಬಾಡಿಗೆ ಅಗ್ಗವಿದ್ದ ಕಾಲ, ಜನ ದುಡ್ಡು ಕೊಟ್ಟು ರೆಕಾರ್ಡು ಕೊಳ್ಳುತ್ತಿದ್ದ ಕಾಲ. 1990ರ 5 ಡಾಲರ್ ಎಂದರೆ ಇಂದಿನ ಸುಮಾರು 12 ಡಾಲರ್. ಇಂದು ಹಾಡು ಸ್ಟ್ರೀಮಿಂಗ್‌ನಲ್ಲಿ ಪುಕ್ಕಟೆಯಂತೆ ಹರಿಯುವಾಗ ಆ ಲೆಕ್ಕ ಕೂಡುವುದಿಲ್ಲ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪಿದರೆ ನನ್ನ ವಾದ ಬಲವಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ಫುಗಾಜಿಯ ಸ್ವಾತಂತ್ರ್ಯ ಆತ್ಮಬಲದಿಂದ ಬಂದದ್ದಾಗಿದ್ದರೆ ಬಾಡಿಗೆಯ ಮಾತೇ ಬರುತ್ತಿರಲಿಲ್ಲ. ಅದು ಅಗ್ಗದ ಬಾಡಿಗೆ, ಹಂಚಿಕೊಂಡ ಮನೆ, ಪರಿಚಯದ ಸ್ಟುಡಿಯೊ, ಲಾಭದಲ್ಲಿ ಸಮಪಾಲು ಎಂಬ ಇಟ್ಟಿಗೆಗಳಿಂದ ಕಟ್ಟಿದ್ದು. ಹಾಗಿದ್ದರೆ ಇಂದು ಅಂಥ ಕಲಾವಿದರು ಬೇಕೆನ್ನುವವರು ಬೇಡಬೇಕಾದ್ದು ಇನ್ನೊಬ್ಬ ಮೆಕೈಯನ್ನಲ್ಲ. ಅಗ್ಗದ ಸಭಾಂಗಣವನ್ನು, ಅಭ್ಯಾಸಕ್ಕೆ ಜಾಗವನ್ನು, ಸಂಜೆಯ ಪ್ರದರ್ಶನ ಮುಗಿದ ಮೇಲೆ ಮನೆಗೆ ಮರಳಲು ಬಸ್ಸನ್ನು.

ಮೂರನೆಯದು, ಇಂಥ ನಿಷ್ಠೆ ಬೇಗನೆ ಮಡಿಯಾಗುತ್ತದೆ ಎಂಬ ಆರೋಪ. ಇದೂ ಸುಳ್ಳಲ್ಲ. ಮೆಕೈ ತಮ್ಮ ಹಿಂದಿನ ಬ್ಯಾಂಡ್ ಮೈನರ್ ಥ್ರೆಟ್‌ಗಾಗಿ ಬರೆದ ಒಂದು ಪುಟ್ಟ ಹಾಡಿನಿಂದ ಕುಡಿತ, ಮಾದಕವಸ್ತು ಬಿಟ್ಟವರ ‘ಸ್ಟ್ರೇಟ್ ಎಡ್ಜ್’ ಎಂಬ ಪಂಥವೇ ಹುಟ್ಟಿತು. ಅದರ ಹೆಸರಿನಲ್ಲಿ ಕೆಲವರು ಬೇರೆಯವರ ಲೋಟ ಮೂಸುವ ಪೊಲೀಸರಾದರು. ತಾನು ಚಳವಳಿ ಕಟ್ಟಲು ಹೊರಟಿರಲಿಲ್ಲ ಎಂದು ಮೆಕೈ ಹೇಳುತ್ತಲೇ ಬಂದರು. ವ್ಯಕ್ತಿಯ ಆಯ್ಕೆಯನ್ನು ಧರ್ಮವನ್ನಾಗಿ ಮಾಡಿದಾಗ ಆಗುವುದೇ ಇದು. ಫುಗಾಜಿಯನ್ನು ಸಂತರ ಪಟ್ಟಿಯಿಂದ ಬಿಡಿಸಿ ಎಂದು ನಾನು ಕೇಳುವುದಕ್ಕೆ ಇದೂ ಒಂದು ಕಾರಣ. ಸಂತರಿದ್ದಲ್ಲಿ ಪಾಪಿಗಳನ್ನು ಹುಡುಕುವವರು ಬಂದೇ ಬರುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಪಾಪಿಗಳಿಲ್ಲ, ಜಮಾ ಮತ್ತು ಖರ್ಚು ಮಾತ್ರ ಇರುತ್ತವೆ.

ಇದೆಲ್ಲ ನಮಗೇಕೆ ಎಂದು ಕೇಳಬಹುದು. ಈ ಪರಂಪರೆಯಿಂದ ಹೊರಟ ಒಂದು ಪದ ಬೆಂಗಳೂರಿನವರೆಗೆ ಬಂದಿದೆ. ‘ಇಂಡಿ’ ಎಂದರೆ ವಿಜಯಪುರ ಕಡೆಯವರಿಗೆ ಇನ್ನೂ ನಿಂಬೆಹಣ್ಣಿನ ತಾಲ್ಲೂಕು. ಬೆಂಗಳೂರಿನಲ್ಲಿ ಅದು ಒಂದು ಬಗೆಯ ಸಂಗೀತದ ಹೆಸರು. ಇಂಡಿಪೆಂಡೆಂಟ್ ಎಂಬುದರ ಮೊಟಕು ರೂಪ. ಆದರೆ ಪದ ಬರುವಾಗ ಅದರ ಜಮಾಖರ್ಚು ಜೊತೆಗೆ ಬರಲಿಲ್ಲ. ನಮ್ಮಲ್ಲಿ ಮದ್ಯದ ನೇರ ಜಾಹೀರಾತಿಗೆ ಟಿವಿಯಲ್ಲಿ ನಿಷೇಧವಿದೆ. ಹಾಗಾಗಿ ಆ ಬ್ರ್ಯಾಂಡುಗಳು ಸೋಡಾದ ಹೆಸರಲ್ಲಿ, ಸಿ.ಡಿ.ಯ ಹೆಸರಲ್ಲಿ, ಸಂಗೀತೋತ್ಸವದ ಹೆಸರಲ್ಲಿ ಓಡಾಡುತ್ತವೆ. ‘ಸ್ವತಂತ್ರ’ ಸಂಗೀತದ ದೊಡ್ಡ ವೇದಿಕೆಗಳ ನೆತ್ತಿಯ ಮೇಲೆ ಅವುಗಳ ಹೆಸರು ಮಿನುಗಿದ್ದನ್ನು ನಾವೆಲ್ಲ ನೋಡಿದ್ದೇವೆ. ಅಂಥ ಜಾಹೀರಾತು ಇರುವ ಪತ್ರಿಕೆಗೆ ಸಂದರ್ಶನವನ್ನೂ ಕೊಡದ ಬ್ಯಾಂಡಿನ ಹೆಸರು ಹೇಳುವವರೇ ಆ ವೇದಿಕೆಯಲ್ಲಿ ನಿಂತು ಅದನ್ನೇ ಇಂಡಿ ಎಂದು ಕರೆಯುತ್ತಾರೆ. ಹಾಡುವ ಹುಡುಗ ಹುಡುಗಿಯರನ್ನು ನಾನು ದೂರುತ್ತಿಲ್ಲ. ಅಭ್ಯಾಸದ ಕೋಣೆಗೆ ಬಾಡಿಗೆ ಕಟ್ಟಬೇಕಾದವರು ಸಿಕ್ಕಿದ ವೇದಿಕೆ ಹತ್ತುತ್ತಾರೆ. ನಾನೂ ಫೆಲೋಶಿಪ್ಪಿನ ಹಣದಲ್ಲಿ ಬದುಕುವ ಸಂಶೋಧಕ. ಉಪ್ಪು ಯಾರದು ಎಂಬ ಪ್ರಶ್ನೆಯಿಂದ ನನಗೂ ವಿನಾಯಿತಿ ಇಲ್ಲ. ಆದರೆ ಪ್ರಾಯೋಜಿತ ಎಂಬ ಸರಳವಾದ, ಪ್ರಾಮಾಣಿಕವಾದ ಪದ ಇರುವಾಗ ಅದನ್ನು ಸ್ವತಂತ್ರ ಎಂದು ಕರೆಯುವ ವಿಮರ್ಶಕರು, ಬರಹಗಾರರು, ಸಂಘಟಕರ ಜೊತೆ ನನ್ನ ಜಗಳವಿದೆ. ಅವರು ಪದವೊಂದನ್ನು ಸವೆಸುತ್ತಿದ್ದಾರೆ. ನಾಳೆ ಯಾರಾದರೂ ನಿಜಕ್ಕೂ ಆ ಲೆಕ್ಕ ಕೂಡಿಸಿದರೆ ಅವರನ್ನು ಕರೆಯಲು ನಮ್ಮಲ್ಲಿ ಪದವೇ ಉಳಿದಿರುವುದಿಲ್ಲ.

ಫುಗಾಜಿ ಒಡೆಯಲಿಲ್ಲ, ಅನಿರ್ದಿಷ್ಟ ಬಿಡುವು ಎಂದು ಹೇಳಿ ನಿಲ್ಲಿಸಿತು. ಹಳೆಯ ಬ್ಯಾಂಡುಗಳು ಮತ್ತೆ ಕೂಡಿ ಹಣ ಮಾಡುವುದು ಉದ್ಯಮವೇ ಆಗಿರುವ ಕಾಲದಲ್ಲೂ ಅವರು ಆ ಹೆಸರಿನಲ್ಲಿ ವೇದಿಕೆಗೆ ಮರಳಿಲ್ಲ. ಇದನ್ನೂ ವೈರಾಗ್ಯ ಎನ್ನುತ್ತಾರೆ. ನಾಲ್ವರೂ ಬೇರೆ ಬೇರೆಯಾಗಿ ಸಂಗೀತದಲ್ಲೇ ಇದ್ದಾರೆ. ಲಾಲಿ ಮತ್ತು ಕ್ಯಾಂಟಿ ಮೆಸ್ಸೆಥೆಟಿಕ್ಸ್ ಬ್ಯಾಂಡಿನಲ್ಲಿ ಜೊತೆಗೂಡಿದರು, ಮೆಕೈ ಮತ್ತು ಲಾಲಿ ಕೊರಿಕಿ ಬ್ಯಾಂಡಿನಲ್ಲಿ. ಸಾಲ ಇಲ್ಲದವರಿಗೆ ಹಳೆಯ ಅಂಗಡಿ ತೆರೆಯಲೇಬೇಕೆಂಬ ಒತ್ತಡ ಇರುವುದಿಲ್ಲ, ಅಷ್ಟೆ.

ಅವರ ನಿಜವಾದ ಸ್ಮಾರಕ ಬೇರೆ ಕಡೆ ಇದೆ. 2011ರಲ್ಲಿ ಡಿಸ್ಕಾರ್ಡ್ ಅವರ ನೇರ ಪ್ರದರ್ಶನಗಳ ಸಂಗ್ರಹವನ್ನು ಅಂತರ್ಜಾಲದಲ್ಲಿ ತೆರೆಯಿತು. ಧ್ವನಿಮುದ್ರಣ ಉಳಿದಿರುವುದು ಎಂಟುನೂರಕ್ಕೂ ಹೆಚ್ಚು ಪ್ರದರ್ಶನಗಳದು. ಒಂದರ ಸೂಚಿತ ಬೆಲೆ ಅದೇ 5 ಡಾಲರ್. ಕೊಳ್ಳುವವರು ಒಂದರಿಂದ ನೂರರವರೆಗೆ ತಮಗೆ ತೋಚಿದ್ದು ಕೊಡಬಹುದು. ಪ್ರದರ್ಶನಗಳ ವಿವರದಲ್ಲಿ ಊರು, ದಿನಾಂಕ, ಜಾಗದ ಹೆಸರಿನ ಜೊತೆ ಇನ್ನೆರಡು ಸಾಲುಗಳನ್ನೂ ತುಂಬಿದ್ದಾರೆ: ಬಾಗಿಲಲ್ಲಿ ತೆಗೆದುಕೊಂಡ ದರ ಎಷ್ಟು, ಬಂದ ಜನ ಎಷ್ಟು. ಯಾವ ಸಂತನ ಚರಿತ್ರೆಯಲ್ಲೂ ಇಂಥ ಅಂಕಣ ನಾನು ನೋಡಿಲ್ಲ. ಮುಂದಿನ ಸಲ ಯಾರಾದರೂ ತಾವು ಸ್ವತಂತ್ರ ಎಂದರೆ, ಅದು ಬ್ಯಾಂಡಾಗಲಿ, ಪ್ರಕಾಶನವಾಗಲಿ, ಪತ್ರಿಕೆಯಾಗಲಿ, ಅವರ ಆದರ್ಶಗಳನ್ನು ಆಮೇಲೆ ಕೇಳೋಣ. ಮೊದಲು ಆ ಎರಡು ಸಾಲುಗಳನ್ನು ತೋರಿಸಲಿ.